ಕತ್ತಲೆ ಕೋಣೆಗೆ ಬಿದ್ದ ಬೆಳಕು

"ಅಯ್ಯೋ, ಪಾಸಿಟಿವ್!" ಎಂದಳು ವಿನೋದಿನಿ. ಯಂತ್ರಕ್ಕೆ ಹಾಕಿದ್ದು ಅವಳದೇ ಎಂಜಲು.

ಜೋಗೇಶ್ವರಿಯ ಆ ಪುಟ್ಟ ಲ್ಯಾಬಿನಲ್ಲಿ ಬೆಳಕಿನಿಂದ ಫ್ಲೂ ವೈರಸ್ ಪತ್ತೆಹಚ್ಚುವ ಯಂತ್ರ ತಯಾರಾಗುತ್ತಿತ್ತು. ಚಿನ್ನ ಲೇಪಿಸಿದ ಚಿಪ್ ಮೇಲೆ ಒಂದು ಹನಿ ಎಂಜಲು. ವೈರಸ್ ಅಂಟಿಕೊಂಡರೆ ಅಲ್ಲಿಂದ ಮರಳುವ ಬೆಳಕು ಬದಲಾಗುತ್ತದೆ. ಹೊರಗಿನ ಬೆಳಕು ಬೀಳಬಾರದೆಂದು ಕಿಟಕಿಯಿಲ್ಲದ ಕೋಣೆ; ಟೆಸ್ಟ್ ನಡೆಯುವಾಗ ದೀಪವನ್ನೂ ಆರಿಸಬೇಕು. ದಿನವೂ ಮೊದಲು ತಮ್ಮದೇ ಎಂಜಲು ಹಾಕಿ ಯಂತ್ರ ನೆಟ್ಟಗಿದೆಯೇ ಎಂದು ನೋಡುವುದು ಅಲ್ಲಿನ ವಾಡಿಕೆ. ಪಾಸಿಟಿವ್ ಬಂದರೆ ಮತ್ತೊಮ್ಮೆ ನೋಡಿ ಖಾತ್ರಿಯಾಗುವವರೆಗೆ ಒಳಗಿದ್ದವರು ಹೊರಗೆ ಕಾಲಿಡುವಂತಿಲ್ಲ.

ಒಳಗಿದ್ದವರು ಇಬ್ಬರೇ, ಅವಳು ಮತ್ತು ಜತೆಗೆ ಕೆಲಸ ಮಾಡುವ ರೋಶನ್.

"ಸಂಜೆ ಮುಲುಂಡಿಗೆ ಹೋಗ್ಲಿಕ್ಕುಂಟಲ್ಲ ನಿಂಗೆ?" ಎಂದ ರೋಶನ್.

"ಹೌದು. ಹುಡುಗನ ಕಡೆಯವ್ರು ಮಾತು ಮುಗಿಸ್ಲಿಕ್ಕೆ ಬರ್ತಾರೆ. ಪಪ್ಪ ಹೂಂ ಅಂದಾಗಿದೆ. ನನ್ನನ್ನು ಕೇಳಿದವರೇ ಇಲ್ಲ."

ಮುಲುಂಡಿನಲ್ಲಿ ಹೋಟೆಲು ನಡೆಸುವ ಅವಳ ಅಪ್ಪ ಚೆನ್ನಯರು ಕೊಟ್ಟ ಮಾತಿಗೆ ತಪ್ಪುವವರಲ್ಲ. ವಿನೋದಿನಿ ಹೊಸ ಚಿಪ್ ಕೈಗೆತ್ತಿಕೊಂಡಳು. ಇಲ್ಲಿಂದ ಬಿಡುಗಡೆಯಾದರೆ ನೇರ ಅಲ್ಲಿ ಸಿಕ್ಕಿಬೀಳುವುದು. ಜ್ವರವಾದರೂ ಬಂದಿರಲಿ ದೇವರೇ ಎಂದು ಬೇಡಿಕೊಂಡು ಅದರ ಮೇಲೆ ಹನಿ ಬಿಟ್ಟಳು. ರೋಶನ್ ದೀಪ ಆರಿಸಿದ.

ಗಾಢ ಕತ್ತಲೆ. ಅವನ ಉಸಿರು ಮಾತ್ರ ಕೇಳುತ್ತಿತ್ತು.

"ಯಾಕೆ ಸುಮ್ಮನಾದೆ?" ಎಂದಳು.

"ಹೆದರಿಕೆ."

"ವೈರಸ್ಸಿಗಾ?"

"ಅಲ್ಲ. ನೆಗೆಟಿವ್ ಬಂದ್ರೆ ನೀನು ಹೋಗ್ತಿಯಲ್ಲ, ಅದಕ್ಕೆ."

ಅವಳ ಕೆನ್ನೆ ಬಿಸಿಯಾಯಿತು. ಕತ್ತಲೆ ಇದ್ದದ್ದು ಒಳ್ಳೆಯದೇ ಆಯಿತು.

ಯಂತ್ರ ಬೀಪ್ ಎಂದಿತು. ನೆಗೆಟಿವ್.

"ಮತ್ತೆ ಆಗ ಯಾಕೆ ತಪ್ಪು ತೋರಿಸ್ತು?" ವಿನೋದಿನಿ ದೀಪ ಹಾಕಿದಳು. ರೋಶನ್ ತಲೆ ತಗ್ಗಿಸಿ ನಿಂತಿದ್ದ.

"ಬೆಳಕು ಬಿದ್ದಿತ್ತು. ನನ್ನ ಮೊಬೈಲಿಂದು."

"ಟೆಸ್ಟ್ ನಡೀವಾಗ ಮೊಬೈಲಾ? ಎಂತಕ್ಕೆ ಮಾರಾಯ?"

"ಟೆಸ್ಟ್ ಮುಗಿಯೋವರೆಗೆ ನೀನು ಕಣ್ಣು ಮುಚ್ಚಿ ದೇವರನ್ನ ನೆನೀತಿಯಲ್ಲ, ಆ ಮುಖ ನೋಡ್ಲಿಕ್ಕೆ. ಇನ್ನು ಸಿಗ್ಲಿಕ್ಕಿಲ್ಲ ಅನ್ನಿಸ್ತು."

"ಪಾಗಲ್!" ಎಂದಳು. ಬೈಯಬೇಕೆಂದರೂ ಸಿಟ್ಟು ಬರಲಿಲ್ಲ. ಇಷ್ಟು ದಿನ ಅವಳೂ ಕಾದಿದ್ದು ಇದೇ ಮಾತಿಗೆ.

"ಮನೆಗೆ ಪಾಸಿಟಿವ್ ಅಂತಲೇ ಹೇಳು. ಇವತ್ತಿನ ಮಟ್ಟಿಗೆ ತಪ್ಪುತ್ತದೆ," ಎಂದ ರೋಶನ್.

"ಯಂತ್ರ ಸುಳ್ಳು ಹೇಳಬಾರದು ಅಂತ ಇಷ್ಟು ಒದ್ದಾಡಿದ್ದೇವೆ. ಈಗ ಅದರ ಹೆಸರಲ್ಲಿ ನಾನೇ ಸುಳ್ಳು ಹೇಳಲಾ?"

ಅವಳು ಫೋನ್ ಹಚ್ಚಿದಳು.

"ಪಪ್ಪಾ, ಅವ್ರಿಗೆ ಬರುವುದು ಬೇಡ ಅಂತ ಹೇಳಿ. ಆ ಮದುವೆ ನಂಗೆ ಬೇಡ. ಸಂಜೆ ರೋಶನ್ ಅಂತ ಒಬ್ಬನನ್ನ ಕರ್ಕೊಂಡು ಬರ್ತೇನೆ, ನೀವು ಅವನತ್ರ ಮಾತಾಡಿ."

ಆ ಕಡೆ ಪಾತ್ರೆಗಳ ಸದ್ದು, ಗಿರಾಕಿಗಳ ಗದ್ದಲ. ಅದರ ನಡುವಿನಿಂದ ಚೆನ್ನಯರ ದನಿ ಬಂತು:

"ಜ್ವರಗಿರ ಬಂದಿದ್ಯಾ ಮಗಾ ನಿಂಗೆ?"

"ಇಲ್ಲ ಪಪ್ಪಾ. ಈಗಷ್ಟೇ ಟೆಸ್ಟ್ ಮಾಡಿ ನೋಡಿದೆ," ಎಂದು ವಿನೋದಿನಿ ಕೋಣೆಯ ಚಿಲಕ ತೆಗೆದಳು.