ಉಬ್ಬದ ರಾಜ್ಯದ ಪೌಂಡ್ ಕೇಕು

ಬಹಳ ಹಿಂದೆ, ನಮ್ಮ ಮುತ್ತಜ್ಜಿಯ ಮುತ್ತಜ್ಜಿ ತೊಟ್ಟಿಲಲ್ಲಿದ್ದ ಕಾಲಕ್ಕೂ ಹಿಂದೆ, ಕಂಪಿನಕೋಟೆ ಅಂತ ಒಂದು ರಾಜ್ಯವಿತ್ತು. ಆ ರಾಜ್ಯಕ್ಕೆ ಹೆಸರು ಬಂದದ್ದು ಆನೆಯಿಂದಲ್ಲ, ಸೇನೆಯಿಂದಲ್ಲ, ಕೇಕಿನಿಂದ. ಹಿಟ್ಟು, ಬೆಣ್ಣೆ, ಸಕ್ಕರೆ, ಮೊಟ್ಟೆ, ನಾಲ್ಕನ್ನೂ ಒಂದೊಂದು ಪೌಂಡು ತೂಗಿ, ಚಿಟಿಕೆ ಸೋಡ ಹಾಕಿ ಕಲಸಿ, ಮೇಲೆ ಗೋಡಂಬಿ ಉದುರಿಸಿ ಒಲೆಗಿಡುತ್ತಿದ್ದರು. ಪೌಂಡ್ ಕೇಕು ಬೇಯುವ ದಿನ ಊರಿನ ನಾಯಿಗಳೂ ಜಗಳ ಬಿಟ್ಟು ಮೂಗೆತ್ತಿ ನಿಲ್ಲುತ್ತಿದ್ದವು.

ಕೋಟೆಯ ಒಲೆಮನೆ ದ್ಯಾವಮ್ಮನದು. ಗಂಡ ತೀರಿಕೊಂಡಿದ್ದ. ಉಳಿದವಳು ಒಬ್ಬಳೇ ಮಗಳು, ಹೂವಿ. ಆರು ವರ್ಷದ ಹುಡುಗಿ, ಬಾಯಿ ಮಾತ್ರ ಅರವತ್ತು ವರ್ಷದ್ದು.

ಒಂದು ದಿನ ಜಡೇಂದ್ರ ಎಂಬ ಮಾಂತ್ರಿಕ ಅರಮನೆಗೆ ಬಂದ. ಕುಳ್ಳ ಮನುಷ್ಯ. ಬಂದದ್ದು ಯಾರ ಕಣ್ಣಿಗೂ ಬೀಳಲಿಲ್ಲ. ರಾಜ ಏಳಲಿಲ್ಲ, ಮಂತ್ರಿ ಏಳಲಿಲ್ಲ, ಬಾಗಿಲ ಬಳಿ ಕೂತು ಎಲೆಯಡಿಕೆ ಹಾಕುತ್ತಿದ್ದ ಕಾವಲುಗಾರನೂ ಏಳಲಿಲ್ಲ. ಜಡೇಂದ್ರನಿಗೆ ಮೈಯೆಲ್ಲ ಉರಿದುಹೋಯಿತು.

"ನಾನು ಬಂದಾಗ ಏಳದ ರಾಜ್ಯದಲ್ಲಿ ಇನ್ನು ಮುಂದೆ ಯಾವುದೂ ಏಳಬಾರದು!" ಎಂದು ಕೋಲು ನೆಲಕ್ಕೆ ಕುಟ್ಟಿದ.

ಅಲ್ಲಿಗೆ ಮುಗಿಯಿತು. ಕೈಯಿಂದ ಎತ್ತಿದ್ದು ಏಳುತ್ತಿತ್ತು, ತಾನಾಗಿ ಯಾವುದೂ ಏಳುತ್ತಿರಲಿಲ್ಲ. ಹಾಲು ಉಕ್ಕಲಿಲ್ಲ. ಹೊಗೆ ನೆಲದ ಮೇಲೆ ತೆವಳಿತು. ಹಕ್ಕಿಗಳು ಕೋಳಿಗಳ ಹಾಗೆ ನಡೆದಾಡಿದವು. ಕೂತವರು ಕೂತೇ ಇದ್ದರು, ಮಲಗಿದವರು ಮಲಗೇ ಇದ್ದರು. ಎಬ್ಬಿಸಿ ನಿಲ್ಲಿಸಿದರೆ ಮೂಟೆಯ ಹಾಗೆ ಉರುಳುತ್ತಿದ್ದರು. ನಿಂತಿದ್ದವರು ಮಾತ್ರ ನಡೆದಾಡಬಹುದಿತ್ತು, ಆದರೆ ಕೂತರೆ ಅವರ ಕತೆಯೂ ಅಷ್ಟೇ.

ಆ ಹೊತ್ತಿಗೆ ದ್ಯಾವಮ್ಮ ಒಲೆಯ ಮುಂದೆ ನಿಂತಿದ್ದಳು. ಹೂವಿ ಚಾಪೆಯ ಮೇಲೆ ಮಲಗಿದ್ದಳು.

ದಿನ ಕಳೆದಂತೆ ಶಾಪ ಒಳಗೊಳಗೇ ಇಳಿಯಿತು. ಮಲಗಿದವರ ಕೈ ಏಳದಾಯಿತು, ರೆಪ್ಪೆ ಏಳದಾಯಿತು. ಕೊನೆಗೆ ಉಸಿರಿಗೆ ಎದೆಯೇ ಏಳದೆ ಒಬ್ಬೊಬ್ಬರಾಗಿ ಹೋಗತೊಡಗಿದರು. ದ್ಯಾವಮ್ಮ ಗೋಡೆಗೆ ಒರಗಿಕೊಂಡೇ ಕಣ್ಣು ಮುಚ್ಚುತ್ತಿದ್ದಳು, ತೆರೆದ ಕೂಡಲೇ ಮಗಳ ಎದೆ ನೋಡುತ್ತಿದ್ದಳು. ಇವತ್ತು ನಿನ್ನೆಗಿಂತ ಕಡಿಮೆ ಏಳುತ್ತಿದೆ. ನಾಳೆ?

ಜಡೇಂದ್ರ ಊರೂರು ಸುತ್ತಿ ನಗುತ್ತಿದ್ದ. "ನಿಮ್ಮ ಕೇಕು ಬಹಳ ಉಬ್ಬುತ್ತದಂತಲ್ಲ! ಊರಿನ ಸೋಡವನ್ನೆಲ್ಲ ಬೂದಿ ಮಾಡಿದ್ದೀನಿ. ನನ್ನ ಕೆರೆಯ ಸೋಡ, ನನ್ನ ಕಾಡಿನ ಗೋಡಂಬಿ ತಂದು ಒಂದೇ ಒಂದು ಪೌಂಡ್ ಕೇಕು ಉಬ್ಬಿಸಿ. ಅದು ಉಬ್ಬಿದರೆ ನನ್ನ ಶಾಪವೂ ಒಡೆಯುತ್ತೆ, ನಾನೂ ಇರೋದಿಲ್ಲ."

ಹೋದವರು ಬಹಳ ಮಂದಿ, ವಾಪಸು ಬಂದವರು ಯಾರೂ ಇಲ್ಲ. ದ್ಯಾವಮ್ಮನೂ ಹೊರಟಳು. ಧೈರ್ಯ ಇತ್ತು ಅಂತಲ್ಲ, ಮನೆಯಲ್ಲಿ ನಿಂತು ಆ ಎದೆ ನೋಡುವುದು ಇನ್ನು ಅವಳ ಕೈಲಾಗುತ್ತಿರಲಿಲ್ಲ.

ಸೋಡದ ಕೆರೆಯ ಸುತ್ತ ಏಳು ಹೆಡೆಯ ಸರ್ಪವೊಂದು ಗೋಡೆಯ ಹಾಗೆ ಮಲಗಿತ್ತು. ಶಾಪ ಅದನ್ನೂ ಬಿಟ್ಟಿರಲಿಲ್ಲ. ಪಾಪ, ಏಳು ಹೆಡೆಯಲ್ಲಿ ಒಂದೂ ಏಳುತ್ತಿರಲಿಲ್ಲ.

"ನಿಜ ಹೇಳು," ಎಂದಿತು ಸರ್ಪ. "ನನ್ನ ಹೆಡೆ ಮತ್ತೆ ಏಳುತ್ತಾ? ಬಂದವರೆಲ್ಲ 'ಖಂಡಿತ ಏಳುತ್ತೆ ಸ್ವಾಮಿ' ಅಂದ್ರು. ಸುಳ್ಳುಬುರುಕರು! ಎಲ್ಲರನ್ನೂ ನುಂಗಿದೆ."

ದ್ಯಾವಮ್ಮನ ನಾಲಿಗೆಯ ತುದಿಗೂ ಅದೇ ಮಾತು ಬಂದಿತ್ತು. ಆದರೆ ಮಗಳ ನೆನಪಾಯಿತು.

"ನಂಗೊತ್ತಿಲ್ಲಪ್ಪ. ನನ್ನ ಮಗಳೇ ಏಳ್ತಾಳೋ ಇಲ್ವೋ ಗೊತ್ತಿಲ್ಲ. ಇನ್ನು ನಿನಗೇನು ಹೇಳಲಿ?" ಎಂದು ಗೊಳೋ ಎಂದು ಅತ್ತಳು.

ಸರ್ಪವೂ ಏಳು ಬಾಯಿಂದ ಅತ್ತಿತು. ಆಮೇಲೆ ಸರಿದು ದಾರಿ ಬಿಟ್ಟಿತು. ದಡದಲ್ಲಿ ಬೆಳ್ಳಗೆ ಹೆಪ್ಪುಗಟ್ಟಿದ್ದ ಸೋಡವನ್ನು ದ್ಯಾವಮ್ಮ ಕೆರೆದಳು. ಸಿಕ್ಕಿದ್ದು ಮೂರು ಕೇಕಿಗೆ ಆಗುವಷ್ಟು.

ಗೋಡಂಬಿ ಕಾಡಿನಲ್ಲಿ ಒಂದು ಕರಡಿ ಕಾವಲಿತ್ತು. ಅದರ ಸುತ್ತ ಮರಮರದ ಬುಡದಲ್ಲೂ, ಕೆರೆಗೆ ಹೋಗದೆ ಮೊದಲು ಇಲ್ಲಿಗೇ ಬಂದ ಜನ ಕೂತಿದ್ದರು, ಮಡಿಲ ತುಂಬ ಗೇರುಬೀಜ. ಕೆಲವರ ಕಣ್ಣು ಇನ್ನೂ ಮಿಟುಕುತ್ತಿತ್ತು.

"ಬೇಕಾದಷ್ಟು ತಗೋ ತಾಯಿ," ಎಂದಿತು ಕರಡಿ, ಬೆಣ್ಣೆಯಂಥ ದನಿಯಲ್ಲಿ. "ಆದ್ರೆ ನನ್ನ ಕಾಡಲ್ಲಿ ಬೆಂಕಿ ಹಚ್ಚೋ ಹಾಗಿಲ್ಲ. ಹಸಿ ಬೀಜ ಇಲ್ಲೇ ಒಡೆದು, ತಿರುಳು ಮಾತ್ರ ತಗೊಂಡು ಹೋಗು. ನಿಂತು ಯಾಕೆ ದಣೀತೀಯಾ? ಕೂತ್ಕೋ."

ಸುಡದ ಗೇರುಬೀಜ ಒಡೆದವರಿಗೆ ಗೊತ್ತು, ಅದರ ಸಿಪ್ಪೆಯ ಎಣ್ಣೆ ಚರ್ಮ ಸುಡುತ್ತದೆ. ದ್ಯಾವಮ್ಮ ಎದೆಮಟ್ಟದ ಬಂಡೆಯೊಂದರ ಮೇಲೆ ಬೀಜ ಇಟ್ಟು ಕಲ್ಲಿನಿಂದ ಒಡೆದಳು. ಬೆರಳುಗಳ ಚರ್ಮ ಸುಟ್ಟು, ಸುಲಿದು, ಹಸಿಮಾಂಸ ಕಂಡಿತು. ಕಾಲು ಕಂಬವಾಗಿತ್ತು.

"ಅಯ್ಯೋ, ಒಂದು ಗಳಿಗೆ ಕೂತ್ಕೋ ತಾಯಿ," ಎನ್ನುತ್ತಲೇ ಇತ್ತು ಕರಡಿ.

"ನೀನು ಬಾಯಿ ಮುಚ್ಕೋ," ಎಂದಳು ದ್ಯಾವಮ್ಮ. ಅಷ್ಟು ಬಿಟ್ಟು ಇನ್ನೇನು ಹೇಳಲೂ ಅವಳಲ್ಲಿ ತ್ರಾಣವಿರಲಿಲ್ಲ. ಸೆರಗಿನ ತುಂಬ ತಿರುಳು ಕಟ್ಟಿಕೊಂಡು ಹೊರಟಳು. ಕೂತವರ ಮುಖ ನೋಡದೆ ನಡೆದಳು, ನೋಡಿದ್ದರೆ ಮುಂದೆ ಕಾಲು ಬರುತ್ತಿರಲಿಲ್ಲ.

ಮನೆಗೆ ಬಂದರೆ ಹೂವಿಯ ಎದೆ ಎಲೆ ಅಲುಗಿದಷ್ಟೇ ಅಲುಗುತ್ತಿತ್ತು. ದ್ಯಾವಮ್ಮ ನಾಲ್ಕು ಪೌಂಡು ತೂಗಿದಳು, ಕಲಸಿದಳು, ಸೋಡ ಹಾಕಿದಳು, ಗೋಡಂಬಿ ಉದುರಿಸಿ ಒಲೆಗಿಟ್ಟಳು. ಬೆಂಕಿಯೂ ತಾನಾಗಿ ಏಳದ ಕಾಲ. ಊದುಗೊಳವೆಯಲ್ಲಿ ಊದುತ್ತಲೇ ಇರಬೇಕು, ಬಿಟ್ಟರೆ ಉರಿ ಮಲಗುತ್ತಿತ್ತು. ಅವಳು ಊದಿದಳು. ಒಲೆಯ ಬಾಗಿಲ ಸಂದಿಯಿಂದ ಘಮ ಬಂತು. ಕೇಕು ಉಬ್ಬುತ್ತಿದೆ!

ಕಂಪಿನಕೋಟೆಯ ಒಲೆಮನೆಗಳಲ್ಲಿ ಒಂದು ಪದ್ಧತಿ. ಉಬ್ಬುವ ಕೇಕಿಗೆ ದೃಷ್ಟಿ ಬೇಗ ತಾಗುತ್ತದೆ ಅಂತ ನಂಬಿಕೆ. ಅದಕ್ಕೇ ಅರ್ಧ ಬೆಂದಾಗ ಒಲೆಯ ಬಾಗಿಲು ತೆಗೆದು, ಹಿಡಿ ಉಪ್ಪು ನಿವಾಳಿಸಿ, ಬೆಂಕಿಗೆ ಹಾಕುತ್ತಿದ್ದರು. ದ್ಯಾವಮ್ಮನ ಅತ್ತೆ, ಅತ್ತೆಯ ಅತ್ತೆ, ಎಲ್ಲರೂ ಹಾಗೇ ಮಾಡಿದವರು. ದ್ಯಾವಮ್ಮನೂ ಬಾಗಿಲು ತೆಗೆದಳು, ನಿವಾಳಿಸಿದಳು. ತಂಗಾಳಿ ಒಳಗೆ ನುಗ್ಗಿತು. ಕೇಕು ಉಸ್ಸೆಂದು ಕುಸಿದು ತಟ್ಟೆಯಾಯಿತು.

ಒಳಗೆ ಹೂವಿಯ ತುಟಿ ನೀಲಿಯಾಯಿತು.

"ನನ್ನ ಮಗಳಿಗೆ ಯಾರ ಕಣ್ಣು ಬಿತ್ತೋ! ಉಪ್ಪು ಸಾಲಲಿಲ್ಲ," ಎಂದು ದ್ಯಾವಮ್ಮ ಹಣೆ ಚಚ್ಚಿಕೊಂಡಳು. ಎರಡನೆಯ ಕೇಕಿಗೆ ಎರಡು ಹಿಡಿ ಉಪ್ಪು ತೆಗೆದುಕೊಂಡಳು. ಬಾಗಿಲು ತೆಗೆದು ಬಹಳ ಹೊತ್ತು ನಿವಾಳಿಸಿದಳು. ಹಸಿ ಗಾಯಕ್ಕೆ ತಾಗಿ ಉರಿದಾಗ ಒಂದಿಷ್ಟು ಉಪ್ಪು ಕೇಕಿನ ಮೇಲೂ ಚೆಲ್ಲಿತು. ಆ ಕೇಕು ಇನ್ನೂ ಬೇಗ ಕುಸಿಯಿತು.

ಈಗ ಉಳಿದದ್ದು ಒಂದು ಚಿಟಿಕೆ ಸೋಡ. ದ್ಯಾವಮ್ಮನಿಗೆ ಕೂತುಬಿಡೋಣ ಅನ್ನಿಸಿತು. ಹೂವಿಯ ಪಕ್ಕ ಕೂತು, ಅವಳ ಕೈ ಹಿಡಿದು, ಇಬ್ಬರೂ ಒಟ್ಟಿಗೆ ಹೋಗೋಣ ಅನ್ನಿಸಿತು. ಮಂಡಿ ಅರ್ಧ ಬಗ್ಗಿತ್ತು. ಬಗ್ಗಿದವಳು ಯಾಕೋ ಏನೋ, ಕುಸಿದ ಕೇಕನ್ನೇ ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡಳು. ಹಸಿದಿದ್ದಳು, ಅಷ್ಟೇ. ಹಲ್ಲಿಗೆ ಗೋಡಂಬಿ ಸಿಕ್ಕಿತು. ಅದರ ಮೈಗೆ ಚೆಲ್ಲಿದ ಉಪ್ಪು ಅಂಟಿತ್ತು.

ಅವಳು ಜಗಿಯುವುದನ್ನು ನಿಲ್ಲಿಸಿದಳು. ಉಪ್ಪು ಮೊದಲೇ ಒಳಗಿದ್ದರೆ ಬಾಗಿಲು ಯಾಕೆ ತೆಗೆಯಬೇಕು? ಹಿಂದೆ ಕೇಕು ಗಾಳಿಗೆ ಕುಸಿದರೂ ಮತ್ತೆ ಏಳುತ್ತಿತ್ತು, ಯಾರಿಗೂ ಗೊತ್ತಾಗುತ್ತಿರಲಿಲ್ಲ. ಈಗ ಬಿದ್ದದ್ದು ಏಳುವುದಿಲ್ಲ. "ಅಯ್ಯೋ ನನ್ನ ಬುದ್ಧಿಗಿಷ್ಟು! ಕೆಡವಿದ್ದು ನಾನೇ," ಎಂದಳು.

ಮಂಡಿ ಅಷ್ಟು ಬಗ್ಗಿದ್ದರೂ ಇನ್ನೂ ಕೂತಿರಲಿಲ್ಲ. ಗೋಡೆ ಹಿಡಿದು, ಕೈಬಲದಿಂದ ತನ್ನನ್ನು ತಾನೇ ಮೇಲಕ್ಕೆಳೆದುಕೊಂಡಳು. ಉಳಿದ ಗೋಡಂಬಿಗೆ ಉಪ್ಪುನೀರು ಚಿಮುಕಿಸಿ, ಬಾಣಲೆಯಲ್ಲಿ ಉಪ್ಪು ಬೆಳ್ಳಗೆ ಕಚ್ಚಿಕೊಳ್ಳುವ ತನಕ ಹುರಿದಳು. ಆ ಗೋಡಂಬಿಯನ್ನೇ ಹಿಟ್ಟಿನ ಸುತ್ತ ನಿವಾಳಿಸಿ ಒಳಗೆ ಕಲಸಿದಳು. ಕೊನೆಯ ಸೋಡ ಹಾಕಿದಳು. ಒಲೆಗಿಟ್ಟು, ಬಾಗಿಲು ಮುಚ್ಚಿ, ಊದತೊಡಗಿದಳು.

ಘಮ ಬರುವ ಹೊತ್ತಿಗೆ ಕಿಟಕಿಯಲ್ಲಿ ಒಬ್ಬ ಮುದುಕಿ ಇಣುಕಿದಳು. ಅವಳು ಮುದುಕಿಯಲ್ಲ, ಜಡೇಂದ್ರ. "ಏನೇ ದ್ಯಾವಿ, ದೃಷ್ಟಿ ತೆಗೆಯಲ್ವೇನೇ? ಬಾಗಿಲು ತೆಗಿಯೇ!" ದ್ಯಾವಮ್ಮ ಊದಿದಳು.

"ಕೇಕು ಸೀಯ್ತಿದೆ ಕಣೇ, ನೋಡಬಾರದೇ?" ದ್ಯಾವಮ್ಮ ಊದಿದಳು.

ಆಗ ಒಳಮನೆಯಿಂದ ದನಿ ಬಂತು. "ಅವ್ವಾ."

ದ್ಯಾವಮ್ಮನ ಜೀವ ಬಾಯಿಗೆ ಬಂತು. ಅದು ಹೂವಿಯ ದನಿ. ಇಲ್ಲ, ಅದು ಮಾಂತ್ರಿಕನ ಮೋಸ. ಅಲ್ಲ, ಹೂವಿಯೇ.

"ಅವ್ವಾ, ಉಸಿರು ಬರ್ತಿಲ್ಲ. ಬಾರವ್ವಾ."

ಕೊಳವೆ ಬಿಟ್ಟು ಓಡಿದರೆ ಬೆಂಕಿ ಮಲಗುತ್ತದೆ, ಕೇಕು ಮಲಗುತ್ತದೆ, ಇನ್ನು ಸೋಡವಿಲ್ಲ. ಓಡದಿದ್ದರೆ? ದ್ಯಾವಮ್ಮ ಊದಿದಳು. ಕಣ್ಣೀರು ಮೂಗಿನಿಂದಿಳಿದು ಕೊಳವೆಗೆ ಸೇರುತ್ತಿತ್ತು, ಆದರೂ ಊದಿದಳು. ಒಳಗಿನ ದನಿ ಸಣ್ಣದಾಯಿತು, ಇನ್ನೂ ಸಣ್ಣದಾಯಿತು, ನಿಂತುಹೋಯಿತು. ಅವಳು ಊದುತ್ತಲೇ ಇದ್ದಳು. ಅಂಥ ಊದುವಿಕೆ ಯಾವ ತಾಯಿಗೂ ಬೇಡ.

ಒಲೆಯೊಳಗೆ ಟಪ್ ಎಂದಿತು. ಕೇಕಿನ ನೆತ್ತಿ ಬಿರಿದು, ಅಚ್ಚು ಮೀರಿ ಉಬ್ಬಿ, ಒಲೆಯ ಬಾಗಿಲನ್ನು ತಾನೇ ತಳ್ಳಿಕೊಂಡು ಹೊರಗೆ ಬಂತು. ಕಿಟಕಿಯಲ್ಲಿದ್ದ ಮುದುಕಿ ಕಿರುಚಿದಳು. ವೇಷ ಹರಿದು ಜಡೇಂದ್ರ ಕಾಣಿಸಿದ. ಹೊಟ್ಟೆ ಉಬ್ಬಿ, ಕೆನ್ನೆ ಉಬ್ಬಿ, ನೆಲ ಬಿಟ್ಟು ಎದ್ದ. ಏಳುತ್ತಾ ಏಳುತ್ತಾ ಮೋಡದಾಚೆ ಹೋದ. ಮತ್ತೆ ಇಳಿಯಲೇ ಇಲ್ಲ.

ಊರಿನಲ್ಲಿ ಹೊಗೆ ಎದ್ದಿತು, ಹಾಲು ಉಕ್ಕಿತು, ಹಕ್ಕಿಗಳು ಹಾರಿದವು. ಮನೆಮನೆಯಲ್ಲೂ ಜನ ಎದ್ದು ನಗುವ ಸದ್ದು.

ದ್ಯಾವಮ್ಮ ಮಾತ್ರ ಒಳಮನೆಯ ಹೊಸ್ತಿಲಲ್ಲಿ ನಿಂತುಬಿಟ್ಟಳು. ದಾಟಿದರೆ ಗೊತ್ತಾಗಿಬಿಡುತ್ತದೆ.

ಚಾಪೆ ಸರಸರ ಎಂದಿತು. ಹೂವಿ ಎದ್ದು ಕೂತಿದ್ದಳು. ಕೂದಲು ಕೆದರಿತ್ತು, ತುಟಿಗೆ ಬಣ್ಣ ಬರುತ್ತಿತ್ತು. ದ್ಯಾವಮ್ಮ ಓಡಿಹೋಗಿ ಅವಳನ್ನು ಅಪ್ಪಿ ಮುತ್ತಿಟ್ಟಳು, ಎದೆಗೆ ಕಿವಿಯಿಟ್ಟು ಕೇಳಿದಳು, ಮತ್ತೆ ಮುತ್ತಿಟ್ಟಳು.

ಹುಡುಗಿ ತಾಯಿಯ ಮುಖ ದಿಟ್ಟಿಸಿ ನೋಡಿದಳು.

"ಅಷ್ಟು ಹೊತ್ತು ಕೂಗಿದೆ ಅವ್ವಾ. ಯಾಕೆ ಬರ್ಲಿಲ್ಲ?"

ದ್ಯಾವಮ್ಮ ಬಿಸಿ ಕೇಕಿನ ಒಂದು ತುಂಡು ತಂದು, ಊದಿ ಆರಿಸಿ, ಮಗಳ ಬಾಯಿಗಿಟ್ಟಳು. ಹೂವಿ ತಿಂದಳು. ಉಪ್ಪುಪ್ಪಾಗಿ ಚೆನ್ನಾಗಿದೆ, ಇನ್ನೊಂದು ಕೊಡು ಅಂದಳು.

ಕಂಪಿನಕೋಟೆಯವರು ಆಮೇಲೆ ನೂರು ಕಾಲ ಸುಖವಾಗಿ ಬಾಳಿದರು. ದ್ಯಾವಮ್ಮನೂ ಸುಖವಾಗಿಯೇ ಬಾಳಿದಳು. ಆದರೆ ಹೂವಿ ಬೆಳೆದು, ಮದುವೆಯಾಗಿ, ಮಕ್ಕಳಾದ ಮೇಲೂ, ಯಾವ ಮೂಲೆಯಿಂದ ಅವಳು "ಅವ್ವಾ" ಅಂದರೂ ದ್ಯಾವಮ್ಮ ಒಲೆಯ ಮೇಲಿದ್ದದ್ದನ್ನು ಹಾಗೇ ಬಿಟ್ಟು ಓಡುತ್ತಿದ್ದಳು.