ಕುಂತೂರಿನ ಹೊಸ್ತಿಲಲ್ಲಿ ಸಿಕ್ಕ ಹಲ್ಲು

1989ರ ಫೆಬ್ರವರಿ 9, ಗುರುವಾರ. ಬೆಳಿಗ್ಗೆ ಹತ್ತೂವರೆಗೆ ಕುಂತೂರಿನ ಪುಟ್ಟಮಾದಪ್ಪ ಕೊಳ್ಳೇಗಾಲದ ಠಾಣೆಗೆ ಬಂದು, ಟವಲಿನ ಗಂಟೊಂದನ್ನು ಸಬ್ ಇನ್ಸ್‌ಪೆಕ್ಟರ್ ಗುರುಪಾದಸ್ವಾಮಿಯವರ ಮೇಜಿನ ಮೇಲಿಟ್ಟು ಬಿಚ್ಚಿದ. ಒಳಗೆ ಗೇಣುದ್ದದ, ಬಾಗಿದ, ಎಣ್ಣೆ ತಿಂದು ಹಳದಿಗಟ್ಟಿದ ದಂತದಂಥ ವಸ್ತು. ಅದರ ಎರಡು ತುದಿಗೂ ಜಡೆಯ ಹಾಗೆ ಹೆಣೆದ ಹುರಿ ಕಟ್ಟಿತ್ತು.

ಗುರುಪಾದಸ್ವಾಮಿಯವರಿಗೆ ಕೂತಲ್ಲೇ ಸುಸ್ತಾಯಿತು. ದಂತಗಳ್ಳರನ್ನು ಹುಡುಕಿ ಗೋಪಿನಾಥಂ ಕಡೆಯ ಕಾಡು ಸುತ್ತಿ ಬಂದು ಎರಡು ದಿನವಾಗಿರಲಿಲ್ಲ, ಕಾಲಿನ ಬೊಬ್ಬೆ ಇನ್ನೂ ಆರಿರಲಿಲ್ಲ. ದಂತ ಎಂದರೆ ಸಾಕು, ಮೇಲಿನವರ ಫೋನು, ಅರಣ್ಯ ಇಲಾಖೆಯ ಪತ್ರ ಎಲ್ಲ ಒಟ್ಟಿಗೆ ಮೈಮೇಲೆ ಬೀಳುತ್ತಿದ್ದ ಕಾಲ.

ಪುಟ್ಟಮಾದಪ್ಪ ಹೇಳಿದ್ದಿಷ್ಟು. ಗದ್ದೆಗೆ ನೀರು ಕಟ್ಟಿ ಒಂಬತ್ತು ಗಂಟೆಗೆ ಮನೆಗೆ ಬಂದಾಗ ಇದು ಹೊಸ್ತಿಲ ಮೇಲಿತ್ತು. ಐದು ತಿಂಗಳ ಹಿಂದೆ ಅವನ ಏಳು ವರ್ಷದ ಮಗಳು ಪವಿತ್ರ ಕಬ್ಬಿನ ಟ್ರ್ಯಾಕ್ಟರಿಗೆ ಸಿಕ್ಕಿ ತೀರಿಕೊಂಡಿದ್ದಳು. ಓಡಿಸುತ್ತಿದ್ದವನು ಅದೇ ಊರಿನ ಮಣಿಕಂಠ. ಅವನು ಜಾಮೀನಿನ ಮೇಲೆ ಹೊರಗಿದ್ದ. ಮಾರ್ಚ್ 2ಕ್ಕೆ ಪುಟ್ಟಮಾದಪ್ಪ ಕೋರ್ಟಿನಲ್ಲಿ ಸಾಕ್ಷಿ ಹೇಳಬೇಕಿತ್ತು.

"ಮನೇಲಿ ದಂತ ಸಿಕ್ರೆ ನೀವು ನನ್ನ ಒಳಗಾಕ್ತೀರಿ. ಸಾಕ್ಷಿ ಹೇಳಾಕೆ ಬರ್ಬಾರ್ದು ಅಂತ ಅವ್ನೇ ಮಾಡ್ಸಿರೋದು ಸಾ."

ನಂಬುವಂಥ ಮಾತೇ. ಸಾಕ್ಷಿಗೆ ಬೆದರಿಕೆ ಎಂದು ಎಫ್‌ಐಆರ್ ದಾಖಲಾಯಿತು. ಇದು ನಿಜವಾದರೆ ಮಣಿಕಂಠನ ಜಾಮೀನು ರದ್ದಾಗಿ ಅವನು ಜೈಲು ಸೇರುವುದು ಖಂಡಿತವಿತ್ತು.

ಹನ್ನೆರಡಕ್ಕೆ ಕುಂತೂರಿನಲ್ಲಿ ಸ್ಥಳ ಪಂಚನಾಮೆ ನಡೆಯಿತು. ಎದುರುಮನೆಯ ಮುದುಕಿಯೊಬ್ಬಳು, ಎಂಟು ಗಂಟೆಯ ಬಸ್ಸಿಳಿದ ಹೆಂಗಸೊಬ್ಬಳು ತಲೆತುಂಬ ಸೆರಗು ಹೊದ್ದು ಆ ಮನೆ ಮುಂದೆ ಬಹಳ ಹೊತ್ತು ನಿಂತಿದ್ದಳು, ಆಮೇಲೆ ಓಡಿಹೋದಳು ಎಂದಳು. ಮೂರು ಗಂಟೆಗೆ ವಲಯ ಅರಣ್ಯಾಧಿಕಾರಿ ವಸ್ತುವನ್ನು ಬಿಸಿಲಿಗೆ ಹಿಡಿದು ತಿರುಗಿಸಿ ನೋಡಿದರು. ಆನೆದಂತದ ಬುಡದಲ್ಲಿ ಕಾಣುವ ಹೆಣಿಗೆಯಂಥ ಗೆರೆ ಇದರಲ್ಲಿ ಇಲ್ಲ, ಹಲ್ಲಂತೂ ಹೌದು, ಆದರೆ ನಮ್ಮ ಕಾಡಿನ ಯಾವ ಪ್ರಾಣಿಯದೂ ಅಲ್ಲ ಎಂದು ಬರೆದುಕೊಟ್ಟು ಕೈ ತೊಳೆದುಕೊಂಡರು.

ಮಣಿಕಂಠ ಊರಲ್ಲಿರಲಿಲ್ಲ. ಅಪಘಾತವಾದ ವಾರದಲ್ಲೇ ತಾಯಿ ಕೆಂಪಾಜಮ್ಮ ಮನೆಗೆ ಬೀಗ ಹಾಕಿ, ಮಗನನ್ನು ಕಟ್ಟಿಕೊಂಡು ತವರೂರು ಅಜ್ಜೀಪುರಕ್ಕೆ ಹೊರಟುಹೋಗಿದ್ದಳು. ಮರುದಿನ ಬೆಳಿಗ್ಗೆ ಒಂಬತ್ತಕ್ಕೆ ಗುರುಪಾದಸ್ವಾಮಿ ಮತ್ತು ಹೆಡ್ ಕಾನ್‌ಸ್ಟೆಬಲ್ ಪುಟ್ಟಸಿದ್ದಯ್ಯ ಅಲ್ಲಿಗೆ ಹೋದರು. ಮಣಿಕಂಠ ಕೊಟ್ಟಿಗೆ ಗುಡಿಸುತ್ತಿದ್ದ. ಹಲ್ಲು ತೋರಿಸಿದರೆ ಪಿಳಿಪಿಳಿ ಕಣ್ಣು ಬಿಟ್ಟ. ಎರಡು ಬಿಗಿದರೆ ಬಾಯಿ ಬಿಡುತ್ತಾನೆ ಎಂದು ಪುಟ್ಟಸಿದ್ದಯ್ಯ ತೋಳು ಮಡಚಿದ. ಹೊಡೆಯುವುದಕ್ಕೂ ಹೊಡೆಸುವುದಕ್ಕೂ ಗುರುಪಾದಸ್ವಾಮಿಯವರಿಗೆ ತ್ರಾಣವಿರಲಿಲ್ಲ.

"ನಿಮ್ಮವ್ವ ಎಲ್ಲಿ?"

"ಫಿಜಿ ಅಯ್ಯನ ಮನೇಲಿ ಅಡ್ಗೆ ಮಾಡ್ತದೆ ಸಾ."

ಫಿಜಿ ಅಯ್ಯ ಎಂದರೆ ಶಿವಮಲ್ಲಪ್ಪ. ಅವರ ತಂದೆ 1911ರಲ್ಲಿ ಮದರಾಸಿನಲ್ಲಿ ಹಡಗು ಹತ್ತಿ ಫಿಜಿ ದ್ವೀಪಕ್ಕೆ ಕಬ್ಬು ಕಡಿಯಲು ಹೋದವರು. ಅಲ್ಲೇ ಹುಟ್ಟಿ ಅಂಗಡಿ ಇಟ್ಟಿದ್ದ ಶಿವಮಲ್ಲಪ್ಪ, ಎರಡು ವರ್ಷದ ಹಿಂದೆ ಅಲ್ಲಿ ಗಲಾಟೆಯಾದ ಮೇಲೆ ತಂದೆಯ ಊರು ಹುಡುಕಿಕೊಂಡು ಬಂದಿದ್ದರು.

ಅವರ ನಡುಮನೆಯ ಗೋಡೆಗೆ ಮರದ ತೊಗಟೆ ಬಡಿದು ಮಾಡಿದ ಬಟ್ಟೆ ತೂಗುಹಾಕಿತ್ತು. ಅದರ ತುಂಬ ಕಪ್ಪು, ಕಂದು ಚಿತ್ತಾರ. ಪಕ್ಕದಲ್ಲಿ ನಾಲ್ಕು ಕಾಲಿನ ಮರದ ಬೋಗುಣಿ, ಅದಕ್ಕೆ ಕಟ್ಟಿದ್ದ ತೆಂಗಿನ ನಾರಿನ ಹುರಿ. ಹಲ್ಲಿಗೆ ಕಟ್ಟಿದ್ದ ಹುರಿಯದೂ ಇದೇ ಹೆಣಿಗೆ. ಗುರುಪಾದಸ್ವಾಮಿ ಕೇಳುವ ಮೊದಲೇ ಶಿವಮಲ್ಲಪ್ಪ ಟವಲು ಬಿಚ್ಚಿ, ಹಲ್ಲನ್ನು ಎರಡೂ ಕೈಯಲ್ಲಿ ಎತ್ತಿಕೊಂಡರು.

ಅದು ತಿಮಿಂಗಿಲದ ಹಲ್ಲು. ಅಲ್ಲಿಯವರು ತಂಬುವಾ ಎನ್ನುತ್ತಾರಂತೆ. ಹೆಣ್ಣು ಕೇಳುವಾಗ, ಸತ್ತವರ ಮನೆಗೆ ಹೋಗುವಾಗ ಇದನ್ನು ಒಯ್ಯುತ್ತಾರೆ. ದೊಡ್ಡ ತಪ್ಪಾದರೆ, ತಪ್ಪು ಮಾಡಿದವನ ಕಡೆಯವರು ಇದನ್ನು ಹಿಡಿದು ನೊಂದವರ ಮನೆಯಲ್ಲಿ ನೆಲದ ಮೇಲೆ ಕೂರಬೇಕು. ಅವರು ಕೈಚಾಚಿ ತೆಗೆದುಕೊಂಡರೆ ಸಿಟ್ಟು ಹೂಳಿದಂತೆ. ಗಲಾಟೆಯಲ್ಲಿ ಶಿವಮಲ್ಲಪ್ಪನವರ ಅಂಗಡಿಯನ್ನು ಅಲ್ಲಿಯ ಹಳ್ಳಿಯೊಂದರ ಹುಡುಗರು ಸುಟ್ಟಾಗ, ಆ ಹಳ್ಳಿಯ ಹಿರಿಯ ಈ ಹಲ್ಲು ತಂದು ಅವರ ಮುಂದೆ ಕೂತಿದ್ದನಂತೆ.

"ಇದನ್ನೆಲ್ಲ ಯಾರಿಗೆ ಹೇಳಿದ್ದಿರಿ?"

"ಕೆಂಪಾಜಮ್ಮನಿಗೆ. ಮೂರು ಸಲ ಹೇಳಿಸಿಕೊಂಡಳು." ಮುದುಕ ಹಲ್ಲನ್ನು ಮೇಜಿನ ಮೇಲಿಟ್ಟರು. "ಹಲ್ಲು ಕಾಣೆಯಾದದ್ದು ನನಗೆ ಗೊತ್ತಿತ್ತು. ದೂರು ಕೊಡಲು ಮನಸ್ಸಾಗಲಿಲ್ಲ. ಆದರೆ ಬರೀ ಹಲ್ಲು ಇಟ್ಟು ಬಂದರೆ ಆಗುವುದಿಲ್ಲ. ಕೂತು, ಬಾಯಿಬಿಟ್ಟು ಹೇಳಬೇಕು. ಅದನ್ನೂ ಹೇಳಿದ್ದೆ."

ಕೆಂಪಾಜಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಅವಳು ಏನನ್ನೂ ಮುಚ್ಚಿಡಲಿಲ್ಲ. ಬುಧವಾರ ಪೆಟ್ಟಿಗೆಯಿಂದ ತೆಗೆದದ್ದು, ಗುರುವಾರ ಮೊದಲ ಬಸ್ಸು ಹಿಡಿದದ್ದು ಎಲ್ಲ ಹೇಳಿದಳು.

"ಅಷ್ಟು ದೂರ ಓಗಿದ್ದೋಳು ಯಾಕೆ ಓಡ್ಬಂದೆ?" ಎಂದ ಪುಟ್ಟಸಿದ್ದಯ್ಯ.

"ಬಾಗ್ಲಲ್ಲಿ ಆ ಕೂಸಿನ ಸಣ್ಣ ಚಪ್ಲಿ ಇನ್ನೂ ಇತ್ತು ಸಾ. ಅದ ಕಂಡ್ಮೇಲೆ ನಂಗೆ ಬಾಯೇ ಬರ್ನಿಲ್ಲ."

ಗುರುಪಾದಸ್ವಾಮಿಯವರಿಗೆ ಆ ಕ್ಷಣ ಕೆಲಸದ ಮೇಲೇ ಬೇಸರ ಬಂತು. ಬೆದರಿಕೆಯ ಮಾತು ಬಿದ್ದುಹೋಗಿತ್ತು, ಕಳವು ಉಳಿದಿತ್ತು. ಎಫ್‌ಐಆರ್ ಕೋರ್ಟಿಗೆ ಹೋಗಿಯಾಗಿತ್ತು, ಮಾಲು ಮೇಜಿನ ಮೇಲಿತ್ತು, ಮಾಲೀಕ ಎದುರಿಗಿದ್ದ. ಕಂಡೂ ಕಾಣದ ಹಾಗೆ ಬಿಟ್ಟರೆ ಪ್ರಕರಣ ಮತ್ತೆ ಮಣಿಕಂಠನ ಕೊರಳಿಗೇ ಸುತ್ತಿಕೊಳ್ಳುತ್ತಿತ್ತು. ಅದನ್ನು ಬಿಡಿಸಿ ಹೇಳಿದಾಗ ಕೆಂಪಾಜಮ್ಮ, ಹಾಗಾದರೆ ನನ್ನನ್ನೇ ಕರೆದೊಯ್ಯಿರಿ ಎಂದಳು. ಜಾಮೀನಿಗೆ ತಾವೇ ನಿಲ್ಲಬಹುದೇ ಎಂದು ಶಿವಮಲ್ಲಪ್ಪ ಕೇಳಿದರು.

ಮಧ್ಯಾಹ್ನ ಎರಡು ಗಂಟೆಗೆ ಠಾಣೆಯಲ್ಲಿ, ಮಹಿಳಾ ಕಾನ್‌ಸ್ಟೆಬಲ್ ಪದ್ಮಿನಿಯ ಸಮಕ್ಷಮ ಕೆಂಪಾಜಮ್ಮನ ದಸ್ತಗಿರಿ ದಾಖಲಾಯಿತು. ನಾಲ್ಕಕ್ಕೆ ಮರುಹೇಳಿಕೆಗಾಗಿ ಪುಟ್ಟಮಾದಪ್ಪ ಬಂದ. ಹಲ್ಲಿನ ಅರ್ಥವನ್ನು ಗುರುಪಾದಸ್ವಾಮಿ ತಮಗೆ ತಿಳಿದಷ್ಟು ಹೇಳಿದರು. ಅವನು ಕೆಂಪಾಜಮ್ಮ ಕೂತಿದ್ದ ಬೆಂಚಿನ ಕಡೆ ನೋಡಲಿಲ್ಲ.

"ಯಾವ್ದೋ ದೇಸದ ಅಲ್ಲು ಯಾಕೆ ಸಾ ಬೇಕಿತ್ತು? ಐದು ತಿಂಗ್ಳಾಯ್ತು. ಆ ಮನೆಯೋರು ಒಬ್ರೂ ಬಂದು ಒಂದ್ಮಾತ ಆಡ್ನಿಲ್ಲ. ಬೀಗ ಆಕ್ಕಂಡು ಓಗ್ಬುಟ್ರು."

ಕೆಂಪಾಜಮ್ಮ ಬೆಂಚಿನಿಂದ ಇಳಿದು ಸಿಮೆಂಟಿನ ನೆಲದ ಮೇಲೆ ಕೂತಳು. ಪದ್ಮಿನಿ ಎಬ್ಬಿಸಲು ಹೋದಾಗ ಗುರುಪಾದಸ್ವಾಮಿ ಬೇಡವೆಂದು ಕೈ ಮಾಡಿದರು.

"ನನ್ ಮಗ ಮಾಡಿದ್ದು ತಪ್ಪು ಕನಪ್ಪ. ನಿಮ್ ಪವಿತ್ರನ್ನ ನಮ್ಮಿಂದ ಕಳ್ಕಂಡ್ರಿ. ಒಟ್ಟೆಗಾಕ್ಕಳಿ."

ಪುಟ್ಟಮಾದಪ್ಪ ಹೆಗಲ ಟವಲಿನಿಂದ ಮುಖ ಒರೆಸಿಕೊಂಡ. ಹೆದರಿಸಲು ಇಟ್ಟದ್ದಲ್ಲ ಎಂದು ಬರೆದುಕೊಳ್ಳಿ ಎಂದ, ಬರೆದದ್ದರ ಕೆಳಗೆ ಹೆಬ್ಬೆಟ್ಟು ಒತ್ತಿದ. ಮಾರ್ಚ್ 2ಕ್ಕೆ ಬಂದು ನಡೆದದ್ದನ್ನು ನಡೆದ ಹಾಗೇ ಹೇಳುವೆನೆಂದೂ ಸೇರಿಸಿದ. ಆಮೇಲೆ ಅವಳ ಮುಂದೆ ಬಂದು ನಿಂತ.

"ಒಟ್ಟೆಗಾಕ್ಕಳಾಕೆ ನಂಗೆ ಆಗಾಕಿಲ್ಲ ಕನವ್ವ," ಎಂದ. "ನನ್ನೆಡ್ತಿ ಮನೇಲವಳೆ. ಜಾಮೀನು ಸಿಕ್ದ ಮೇಲೆ ಬಂದು ಈ ಮಾತ ಅವ್ಳಿಗೂ ಹೇಳು."