ನಾಲ್ಕನೆಯ ಗುಳಿ

ಆ ಬುಧವಾರ ಬೆಳಗ್ಗೆ ಮಂಜು ಎಷ್ಟು ದಟ್ಟವಾಗಿತ್ತೆಂದರೆ, ಠಾಣೆಯ ಗೇಟಿನಲ್ಲಿ ನಿಂತ ಪೇದೆಗೆ ಎದುರಿನ ರಸ್ತೆಯೇ ಕಾಣುತ್ತಿರಲಿಲ್ಲ. ಆ ಮಂಜಿನೊಳಗಿಂದ ಒಬ್ಬ ಹೆಂಗಸು ನಡೆದು ಬಂದರು. ಹೊಲಿಗೆ ಕೆಲಸದವರು, ಕೊರಳಲ್ಲಿ ಅಳತೆಯ ಟೇಪು ತೆಗೆಯಲು ಮರೆತು ಹಾಗೆಯೇ ಬಂದಿದ್ದರು. ಗಂಟೆ ಎಂಟು ನಲವತ್ತು.

ಇನ್‌ಸ್ಪೆಕ್ಟರರಿಗೆ ದಿನದ ಮೊದಲ ಫೈಲು ಬಿಚ್ಚುವ ಮುನ್ನ ಕಣ್ಣು ಮುಚ್ಚಿ ಕೂರುವ ಅಭ್ಯಾಸ. ಇವತ್ತು ನನ್ನ ಕೈಯಿಂದ ಯಾರಿಗೂ ಅನ್ಯಾಯ ಆಗದಿರಲಿ ಎಂಬಷ್ಟೇ ಅವರ ಪ್ರಾರ್ಥನೆ. ಕಣ್ಣು ತೆರೆದಾಗ ಎದುರಿಗೆ ಆ ಹೆಂಗಸು ನಿಂತಿದ್ದರು.

ಅವರು ಹೇಳಿದ್ದಿಷ್ಟು. ಮಗಳು ಗಾಜಿನ ಕಾರ್ಖಾನೆಯ ಲ್ಯಾಬಿನಲ್ಲಿ ಕೆಮಿಸ್ಟು. ಸೋಮವಾರ ಹನ್ನೊಂದು ಇಪ್ಪತ್ತಕ್ಕೆ, ಮರಳು ಕರಗಿಸುವ ಆಸಿಡ್ಡು ಕೈಗವಸಿನ ಸಣ್ಣ ತೂತಿನಿಂದ ಅವಳ ಬಲಗೈ ಬೆರಳುಗಳಿಗೆ ಇಳಿಯಿತು. ಚರ್ಮ ಸುಟ್ಟು ಸುಮ್ಮನಾಗುವ ಆಸಿಡ್ಡಲ್ಲ ಅದು, ಮೂಳೆಯವರೆಗೆ ಹೋಗುವಂಥದ್ದು. ತೊಳೆದ ಕೂಡಲೇ ಒಂದು ಮುಲಾಮು ಹಚ್ಚಿ ಉಜ್ಜುತ್ತಿದ್ದರೆ ತಡೆಯುತ್ತದೆ. ಗೋಡೆಯ ಮೇಲಿನ ಪ್ರಥಮ ಚಿಕಿತ್ಸೆಯ ಡಬ್ಬಿಯಲ್ಲಿ ಆ ಟ್ಯೂಬು ಇರಬೇಕಿತ್ತು. ಇರಲಿಲ್ಲ. ಆಸ್ಪತ್ರೆಯವರು ಬೇರೆ ಕಡೆಯಿಂದ ತರಿಸುವಷ್ಟರಲ್ಲಿ ಮೂರು ಗಂಟೆ ಕಳೆದುಹೋಗಿತ್ತು. ಎರಡು ಬೆರಳು ತೆಗೆದರು. ಈಗ ಮ್ಯಾನೇಜರು, ರಿಜಿಸ್ಟರಿನಲ್ಲಿ ಟ್ಯೂಬು ಇದೆ ಎಂದು ಸಹಿಯಿದೆ, ಗಾಬರಿಯಲ್ಲಿ ಹುಡುಗಿಯೇ ಎಲ್ಲೋ ಬೀಳಿಸಿದ್ದಾಳೆ ಎನ್ನುತ್ತಿದ್ದರು. ಅವಳ ಕೆಲಸಕ್ಕೂ ಸಂಚಕಾರ ಬಂದಿತ್ತು.

"ಬೆರಳು ಹೋಯ್ತು ಸರ್, ಅದು ವಾಪಸ್ ಬರಲ್ಲ. ನನ್ನ ಮಗಳು ಸುಳ್ಳುಗಾತಿ ಅನ್ನಿಸ್ಕೋಬಾರ್ದು."

ಒಂಬತ್ತು ಹತ್ತಕ್ಕೆ ಎಫ್‌ಐಆರ್ ದಾಖಲಾಯಿತು.

ಹತ್ತೂವರೆಗೆ ಇನ್‌ಸ್ಪೆಕ್ಟರು ಲ್ಯಾಬಿನಲ್ಲಿದ್ದರು. ಗೇಟಿನ ಕಾವಲುಗಾರ ಮತ್ತು ಪಕ್ಕದ ವಿಭಾಗದ ಗುಮಾಸ್ತ ಪಂಚರು. ಪಂಚನಾಮೆ ಬರೆಯಬೇಕಿದ್ದ ಹೆಡ್ ಕಾನ್‌ಸ್ಟೆಬಲ್ ಮಾತ್ರ ಮೇಜಿಗೆ ಕಾಗದ ತಾಗಿಸಲೂ ಹೆದರಿ, ಎಡಗೈ ಮೇಲೆ ಹಲಗೆ ಇಟ್ಟುಕೊಂಡು ನಿಂತಿದ್ದ.

"ನಮ್ಮನೇಲಿ ಉಪ್ಪು ಸಕ್ಕರೆ ಡಬ್ಬಿಗೇ ಚೀಟಿ ಇಲ್ಲ ಸರ್, ನಾಲಿಗೇಲಿ ಇಟ್ಟು ನೋಡ್ಬೇಕು. ಇಲ್ಲಿ ನೀರಿಗೂ ಚೀಟಿ."

"ಇಲ್ಲಿ ನಾಲಿಗೆ ಹೊರಗೆ ಹಾಕ್ಬೇಡ. ಬರಿ," ಎಂದರು ಇನ್‌ಸ್ಪೆಕ್ಟರು.

ಡಬ್ಬಿ ತೆರೆದರು. ಒಳಗೆ ಸ್ಪಂಜಿನ ಹಾಸು, ಅದರಲ್ಲಿ ವಸ್ತುವಿನ ಆಕಾರಕ್ಕೆ ಕೊರೆದ ನಾಲ್ಕು ಗುಳಿ. ಹತ್ತಿ, ಪಟ್ಟಿ, ಕತ್ತರಿ ತಮ್ಮ ತಮ್ಮ ಜಾಗದಲ್ಲಿದ್ದವು. ನಾಲ್ಕನೆಯದು ಟ್ಯೂಬಿನ ಗುಳಿ. ಇನ್‌ಸ್ಪೆಕ್ಟರು ಅದರ ತಳಕ್ಕೆ ಬೆರಳು ಒತ್ತಿ ಎತ್ತಿದರು. ಬೆರಳ ತುದಿ ಬೂದುಬಣ್ಣವಾಗಿತ್ತು. ಮುಚ್ಚಳವಿರುವ ಡಬ್ಬಿಯೊಳಗೆ ಅಷ್ಟು ಧೂಳು ಎರಡು ದಿನದಲ್ಲಿ ಕೂರುವುದಿಲ್ಲ, ವರ್ಷಗಳು ಬೇಕು. ಹುಡುಗಿ ಹೇಳಿದ್ದು ನಿಜ.

ರಿಜಿಸ್ಟರು ತರಿಸಿದರು. ಪ್ರತಿ ತಿಂಗಳ ಒಂದನೇ ತಾರೀಖು, 'ಮುಲಾಮು ಇದೆ' ಎಂಬುದರ ಮುಂದೆ ಒಂದು ಗೆರೆ, ಒಂದೇ ಸಹಿ. ಲ್ಯಾಬಿನ ಸುರಕ್ಷತೆ ನೋಡಿಕೊಳ್ಳುವ ಹಿರಿಯ ಕೆಮಿಸ್ಟರ ಸಹಿ ಅದು. ಎಲ್ಲರೂ ಅವರನ್ನು ಕರೆಯುತ್ತಿದ್ದುದು ದೊಡ್ಡಕ್ಕ ಎಂದು. ಉಗ್ರಾಣದ ಪುಸ್ತಕವೂ ಅವರನ್ನೇ ತೋರಿಸಿತು: ವರ್ಷಕ್ಕೊಂದು ಹೊಸ ಟ್ಯೂಬು ಅವರ ಕೈಗೇ ಹೋಗಿತ್ತು.

ಒಂದೂಕಾಲಿಗೆ ಆಸ್ಪತ್ರೆ. ಹುಡುಗಿಯ ಕೈ ದಿಂಬಿನ ಮೇಲಿತ್ತು. ಆಸಿಡ್ಡಿನ ಬಾಟಲಿ ಮುಟ್ಟುವ ಮುನ್ನ ಡಬ್ಬಿ ನೋಡಲಿಲ್ಲವೇ ಎಂದು ಇನ್‌ಸ್ಪೆಕ್ಟರು ಕೇಳಿದರು.

"ಅಕ್ಕನ ಸಹಿ ಇತ್ತಲ್ಲ ಸರ್. ಆಮೇಲೆ ನಾನ್ಯಾಕೆ ಮುಚ್ಚಳ ತೆಗೀಲಿ?"

ಸೋಮವಾರ ದೊಡ್ಡಕ್ಕ ಮೀಟಿಂಗಿಗೆಂದು ಹೆಡ್ಡಾಫೀಸಿಗೆ ಹೋಗಿದ್ದರಂತೆ. ಕೆಲಸ ಕಲಿಸಿದವರು ಅವರೇ; ಎರಡು ದಿನವಾದರೂ ನೋಡಲು ಬಂದಿರಲಿಲ್ಲ. "ಬೈಯೋಕಾದ್ರೂ ಬರ್ಬೇಕಿತ್ತು," ಎಂದು ಹುಡುಗಿ ಗೋಡೆಯ ಕಡೆ ತಿರುಗಿದಳು.

ಸಂಜೆ ನಾಲ್ಕಕ್ಕೆ ಇನ್‌ಸ್ಪೆಕ್ಟರು ಹೆಡ್ ಕಾನ್‌ಸ್ಟೆಬಲ್ಲನ್ನೂ ಮಹಿಳಾ ಕಾನ್‌ಸ್ಟೆಬಲ್ಲನ್ನೂ ಅದೇ ಪಂಚರನ್ನೂ ಕರೆದುಕೊಂಡು ಮತ್ತೆ ಲ್ಯಾಬಿಗೆ ಬಂದರು. ದೊಡ್ಡಕ್ಕ ಸ್ಟೂಲಿನ ಮೇಲೆ ನೆಟ್ಟಗೆ ಕುಳಿತಿದ್ದರು. ಬಿಳಿ ಕೋಟು ಇಸ್ತ್ರಿ ಮುರಿಯದಂತಿತ್ತು; ಬಲಜೇಬಿನ ಅಂಚು ಮಾತ್ರ ಸವೆದು ನೂಲು ಎದ್ದಿತ್ತು. ಆ ಜೇಬಿನೊಳಗೆ ಕೈಯಿತ್ತು.

"ಆರು ದಿನದ ಹಿಂದೆ ಸಹಿ ಹಾಕಿದ್ದೀರಿ. ಡಬ್ಬಿ ತೆಗೆದು ನೋಡಿದ್ರಾ?"

"ಇಲ್ಲ."

"ಯಾಕೆ?"

"ಅಲ್ಲಿಲ್ಲ ಅಂತ ಗೊತ್ತಿತ್ತು."

"ಎಲ್ಲಿತ್ತು?"

ಜೇಬಿನಲ್ಲಿದ್ದ ಕೈ ಬಿಗಿಯಾಯಿತು. ಇನ್‌ಸ್ಪೆಕ್ಟರು ಅವಸರ ಮಾಡಲಿಲ್ಲ. ಗೋಡೆ ಗಡಿಯಾರ ನೋಡುತ್ತ ಕೂತರು. ದೊಡ್ಡಕ್ಕ ಆ ಕೈ ಹೊರತೆಗೆದು ತೋರಿಸಿದರು; ಅಂಗೈಯಲ್ಲಿ ಟ್ಯೂಬಿತ್ತು. ತೋರುಬೆರಳಿಗೆ ಉಗುರಿರಲಿಲ್ಲ; ತುದಿ ಮೇಣದಂತೆ ಕರಗಿ ಗಟ್ಟಿಯಾಗಿತ್ತು.

ಹತ್ತೊಂಬತ್ತು ವರ್ಷದ ಹಿಂದೆ, ಬೇರೊಂದು ಲ್ಯಾಬಿನಲ್ಲಿ, ಇದೇ ಆಸಿಡ್ಡು. ಅಲ್ಲಿ ಮುಲಾಮೇ ಇರಲಿಲ್ಲ. ಏಳು ಗಂಟೆ ಅವರು ತಮ್ಮ ಮೂಳೆ ಬೇಯುವುದನ್ನು ಅನುಭವಿಸಿದ್ದರು.

"ಅದು ಜೇಬಲ್ಲಿಲ್ಲ ಅಂದ್ರೆ ಬಾಟ್ಲಿ ಎತ್ತೋಕೆ ಕೈ ಬರ್ತಿರ್ಲಿಲ್ಲ ಸರ್."

"ಇನ್ನೊಂದು ತರಿಸ್ಬಹುದಿತ್ತಲ್ಲ?"

"ಯಾಕೆ ಅಂತ ಬರೀಬೇಕಿತ್ತು. ಹೆದರ್ತೀನಿ ಅಂತ ಬರೀಬೇಕಿತ್ತು. ಈ ಮಕ್ಕಳಿಗೆಲ್ಲ ಹೆದರ್ಬೇಡಿ ಅಂತ ಹೇಳಿಕೊಡೋಳು ನಾನು."

ಸೋಮವಾರ ಮಧ್ಯಾಹ್ನ ಸುದ್ದಿ ತಿಳಿದಾಗಲೂ ಟ್ಯೂಬು ಅವರ ಜೇಬಿನಲ್ಲೇ ಇತ್ತು. ಹೆಡ್ಡಾಫೀಸಿನಿಂದ ಮರಳಿ ಅಂದೇ ಅದನ್ನು ಗುಳಿಯಲ್ಲಿಟ್ಟು ಮುಚ್ಚಳ ಹಾಕಿದ್ದರೆ ಹುಡುಗಿಯ ಮಾತನ್ನು ಯಾರೂ ನಂಬುತ್ತಿರಲಿಲ್ಲ. ಹಾಗೇಕೆ ಮಾಡಲಿಲ್ಲ ಎಂದು ಇನ್‌ಸ್ಪೆಕ್ಟರು ಕೇಳಿದರು.

"ಡಬ್ಬಿ ತನಕ ಹೋದೆ. ಅಷ್ಟೊಂದು ಪಾಪ ಹೊರೋಕೆ ಆಗ್ಲಿಲ್ಲ."

ನಿಜ ಹೇಳುವಷ್ಟು ಧೈರ್ಯವೂ ಆಗಿರಲಿಲ್ಲ. ಎರಡು ದಿನ ಅವರು ಆ ಎರಡರ ನಡುವೆಯೇ ನಿಂತಿದ್ದರು.

ನಾಲ್ಕು ಐವತ್ತಕ್ಕೆ ದಸ್ತಗಿರಿ. ನಿರ್ಲಕ್ಷ್ಯದಿಂದ ತೀವ್ರ ಗಾಯ, ಸುಳ್ಳು ದಾಖಲೆ. ಹುಡುಗಿ ತಪ್ಪಿತಸ್ಥೆಯಲ್ಲ ಎಂದು ವರದಿಯಲ್ಲಿ ಬರೆದ ಸಾಲನ್ನು ಇನ್‌ಸ್ಪೆಕ್ಟರು ಮ್ಯಾನೇಜರಿಂದ ಎರಡು ಸಲ ಓದಿಸಿದರು. ಆಮೇಲೆ ಟ್ಯೂಬು ವಶಪಡಿಸಿಕೊಳ್ಳಲು ಕೈ ಚಾಚಿದರು.

ದೊಡ್ಡಕ್ಕ ಅದನ್ನು ಅವರ ಅಂಗೈಗೆ ಕೊಡಲಿಲ್ಲ. ಗೋಡೆಯ ಬಳಿ ಹೋದರು. ಮಹಿಳಾ ಕಾನ್‌ಸ್ಟೆಬಲ್ ತಡೆಯಹೋದಾಗ ಇನ್‌ಸ್ಪೆಕ್ಟರು ಬೇಡವೆಂದು ತಲೆಯಾಡಿಸಿದರು; ಗುಳಿಯ ಧೂಳು ಬೆಳಗ್ಗೆಯೇ ಪಂಚನಾಮೆ ಸೇರಿತ್ತು. ಈ ವರ್ಷದ್ದೇ ಟ್ಯೂಬು, ಬೆವರಿನ ಕೈಗೆ ಸಿಕ್ಕಿ ಅಕ್ಷರಗಳು ಆಗಲೇ ಅಳಿಸಿದ್ದವು. ಕೋಟಿನ ಅಂಚಿನಿಂದ ಗುಳಿಯ ಧೂಳು ಒರೆಸಿ, ದೊಡ್ಡಕ್ಕ ಅದನ್ನು ಸರಿಯಾಗಿ ಕೂರಿಸಿದರು.

"ಇದನ್ನ ಹೇಗೆ ಬರೀಲಿ ಸರ್?" ಹೆಡ್ ಕಾನ್‌ಸ್ಟೆಬಲ್ ಮೆಲ್ಲಗೆ ಕೇಳಿದ.

"ಇದ್ದಿದ್ದನ್ನ ಇದ್ದ ಹಾಗೆ ಬರಿ. ಅದರ ಜಾಗದಲ್ಲೇ ಇಟ್ಟರು ಅಂತ."